ಎರಡು ಚಿಪ್ಪಿನ ಕುದುರೆ

ಗುಬ್ಬಿ ವೀರಣ್ಣನವರ ಕಂಪ್ನಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು ಅನ್ನೋದು ನಮ್ಮ ಸೀಮೆಲಿ ಎಲ್ರಿಗೂ ಗೊತ್ತಿರೋ ಮಾತು. ರೇಡಿಯೋ ನಾಟಕದವ್ರಿಗೆ ಅದಕ್ಕೆ ಎರಡು ತೆಂಗಿನ ಚಿಪ್ಪು ಸಾಕು ಕಣ್ರಮ್ಮಾ! ಬೋರಲು ಹಿಡ್ಕೊಂಡು ಹಲಗೆ ಮೇಲೆ ಟಕಟಕ ಬಡಿದ್ರೆ ಕುದುರೆ ಓಡುತ್ತೆ. ಲಂಡನ್ನಿನ ಬಿಬಿಸಿಯವ್ರೂ ಹೀಗೇ ಮಾಡ್ತಿದ್ರು. ನಾವು ಅದನ್ನ ನೀರೊಲೆಗೆ ಹಾಕ್ತೀವಿ.

ನಮ್ ಕಡೆ ರೇಡಿಯೋ ಕಥೆ ಶುರುವಾಗಿದ್ದು ಮೈಸೂರಲ್ಲಿ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ್ಲೇ ಪ್ರಸಾರ ಶುರು ಮಾಡಿದ್ರು. ಯಂತ್ರದ ಶಕ್ತಿ 30 ವ್ಯಾಟ್. ನಮ್ ಬಚ್ಚಲಮನೆ ಹಳೇ ಬಲ್ಬೇ 40 ಇತ್ತು. ಮೇಷ್ಟ್ರಿಗೆ ನಾಟಕದ ಹುಚ್ಚೂ ಇತ್ತು. ಅವರ 'ಆಕಾಶವಾಣಿ' ಅನ್ನೋ ಹೆಸರನ್ನೇ ಆಮೇಲೆ ಇಡೀ ದೇಶದ ರೇಡಿಯೋಗೆ ಇಟ್ಕೊಂಡ್ರು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯ್ತು.

ಕಂಪ್ನಿ ನಾಟಕ ಅಂದ್ರೆ ಬೆಳಗಿನ ಜಾವದ ತನಕ. ಮನೆ ಹೆಣ್ಮಕ್ಳು ಮಕ್ಕಳು-ಮರಿ, ದನ-ಕರ ಬಿಟ್ಟು ಎಷ್ಟು ಸಲ ಹೋದಾರು? ಪುಸ್ತಕ ಓದೋಣ ಅಂದ್ರೆ ನಮ್ಮಜ್ಜಿ ಥರದವ್ರಿಗೆ ಅಕ್ಷರವೇ ಇಲ್ಲ. ಅಂಥವ್ರಿಗೆ ಸಾಹಿತ್ಯ ಅನ್ನೋದು ಸಿಕ್ಕಿದ್ದು ಕಿವಿಯಿಂದ. ಕಣ್ಣಿಗೂ ಕೈಗೂ ಕೆಲಸ ಬಿಡೋ ಹಾಗಿಲ್ಲವಲ್ಲ. ಲೈಸೆನ್ಸ್ ದುಡ್ಡನ್ನ ಅಂಚೆ ಆಫೀಸಿಗೆ ಕಟ್ತಿದ್ದವ್ರು ಗಂಡಸ್ರು. ಆದ್ರೆ ನಾಟಕದ ಹೊತ್ತಿಗೆ ರೇಡಿಯೋ ಅಡುಗೆಮನೆ ಹೊಸ್ತಿಲಿಗೆ ಬರೋದು.

ಮುನ್ನೂರು ಪುಟದ ಕಾದಂಬರಿನ ಒಂದು ಗಂಟೆಗೆ ಇಳಿಸೋದು ಸುಲಭ ಅಲ್ಲ. ಬಂದವ್ರು ಯಾರು, ಹೊತ್ತೆಷ್ಟು, ಮಳೆಯೋ ಬಿಸಿಲೋ, ಎಲ್ಲ ಮಾತು ಮತ್ತು ಸದ್ದಲ್ಲೇ ತಿಳೀಬೇಕು. ಪಾತ್ರ ಜಾಸ್ತಿ ಆದ್ರೆ ದನಿ ಗೊಂದಲ. ನಿರೂಪಕ ಬಂದು ಎಲ್ಲಾನೂ ವಿವರಿಸೋಕೆ ಹತ್ತಿದ್ರೆ ನನಗಂತೂ ಬೇಜಾರು. ಅದಕ್ಕಿಂತ ಪುಸ್ತಕನೇ ಗಟ್ಟಿಯಾಗಿ ಓದ್ಬೋದಿತ್ತು.

ಒಂದು ಕೃತಿನ ಇನ್ನೊಂದಾಗಿ ಕಟ್ಟೋ ವಿದ್ಯೆ ನಮ್ಮೂರುಗಳಿಗೆ ಹೊಸದೇನಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಲಿ ಹುಟ್ಟಿದ ಬಿ.ಎಂ.ಶ್ರೀ. ರನ್ನನ ಕಾವ್ಯನ 'ಗದಾಯುದ್ಧ ನಾಟಕಂ' ಮಾಡಿದ್ರು. ಗ್ರೀಕರ ಸೊಫೊಕ್ಲಿಸನ 'ಅಯಾಸ್' ನಾಟಕನ 1929ರಲ್ಲಿ 'ಅಶ್ವತ್ಥಾಮನ್' ಮಾಡಿದ್ರು. ಅದೇ ಅಶ್ವತ್ಥಾಮ ಧರ್ಮವೀರ ಭಾರತಿಯವರ ಹಿಂದಿ 'ಅಂಧಾಯುಗ'ದಲ್ಲೂ ಬರ್ತಾನೆ. ಈಗ ದೊಡ್ಡ ದೊಡ್ಡ ರಂಗದ ಮೇಲೆ ಆಡೋ ಆ ನಾಟಕ ಮೊದಲು ಜನಕ್ಕೆ ತಲುಪಿದ್ದು ಅಲಹಾಬಾದ್ ರೇಡಿಯೋಲಿ. 1956ರಿಂದ ಆಕಾಶವಾಣಿ ರಾಷ್ಟ್ರೀಯ ನಾಟಕ ಕಾರ್ಯಕ್ರಮನೂ ಶುರುಮಾಡ್ತು. ಒಂದು ಭಾಷೆ ನಾಟಕ ಬೇರೆ ಬೇರೆ ಭಾಷೆಗೆ ಹೋಗಿ ಪ್ರಸಾರ ಆಗೋದು. ಬಂಗಾಳದ ಸೊಸೆ ಗೋಳು ತಿಪಟೂರಿನ ಸೊಸೆಗೆ ಕನ್ನಡದಲ್ಲೇ ಕೇಳ್ಸೋದು.

ಬೆಂಗಳೂರು ಆಕಾಶವಾಣಿಯ ಯಮುನಾ ಮೂರ್ತಿಯವ್ರ ದನಿ ಬಂದ್ರೆ ನಮ್ಮಜ್ಜಿ "ಆಯಮ್ಮ ಬಂದ್ಲು, ಸುಮ್ನಿರ್ರಿ" ಅನ್ನೋರು. ಮುಖ ನೋಡಿದವ್ರಲ್ಲ. ಒಂದು ರಾತ್ರಿ ಭಾರತದ ಕಥೆದೊಂದು ನಾಟಕ, ಗಾಂಧಾರಿ ಮಕ್ಕಳ ಹೆಸರು ಹಿಡಿದು ಅಳ್ತಿದ್ಲು. ಅವರೆಕಾಳು ಹಿತುಕ್ತಿದ್ದ ಅಜ್ಜಿ ಕೈ ನಿಂತೋಯ್ತು. ಎಳೇ ವಯಸ್ಸಲ್ಲೇ ಹೋದ ಮಗನ ಹೆಸರನ್ನ ಅಜ್ಜಿ ಮನೇಲಿ ಯಾವತ್ತೂ ಎತ್ತಿದ್ದಿಲ್ಲ. ಅವತ್ತು ನಾಟಕ ಮುಗಿದ್ಮೇಲೆ ನಮ್ಮಮ್ಮನ ಹತ್ರ, "ಅವನಿಗೆ ಹಿತಕವರೆ ಸಾರು ಅಂದ್ರೆ ಪ್ರಾಣ ಕಣೇ," ಅಂದ್ರಂತೆ.