ಜನನಾಂಗದ ನರಹುಲಿ

ಜನನಾಂಗದ ನರಹುಲಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ (ಎಚ್‌ಪಿವಿ) ಸೋಂಕಿನಿಂದ ಜನನಾಂಗ, ಗುದದ್ವಾರ ಹಾಗೂ ಅವುಗಳ ಸುತ್ತಲಿನ ಚರ್ಮದ ಮೇಲೆ ಮೂಡುವ ಮೃದುವಾದ ಗಂಟುಗಳು. ವೈದ್ಯಶಾಸ್ತ್ರದಲ್ಲಿ ಇದನ್ನು ಕಾಂಡಿಲೋಮಾ ಅಕ್ಯುಮಿನೇಟಮ್ ಎನ್ನುತ್ತಾರೆ. ಮೊದಲ ಪದ ಗ್ರೀಕ್ ಮೂಲದ್ದು, ಗೆಣ್ಣು ಅಥವಾ ಗಂಟು ಎಂಬ ಅರ್ಥದ್ದು. ಎರಡನೆಯದು ಲ್ಯಾಟಿನ್, ಮೊನಚಾದದ್ದು ಎಂದರ್ಥ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಲ್ಲಿ ಇದು ಅತಿ ಸಾಮಾನ್ಯವಾದವುಗಳಲ್ಲಿ ಒಂದು. ಪ್ರಾಣಾಪಾಯಕಾರಿಯಲ್ಲದಿದ್ದರೂ ಸಂಕೋಚ, ಭಯ ಮತ್ತು ದಾಂಪತ್ಯದಲ್ಲಿನ ಅನುಮಾನಗಳಿಗೆ ಕಾರಣವಾಗುವುದರಿಂದ ಗಂಟುಗಳಿಗಿಂತ ಮನೋವೇದನೆಯೇ ರೋಗಿಯನ್ನು ಹೆಚ್ಚು ಬಾಧಿಸುವುದುಂಟು.

ಕನ್ನಡದಲ್ಲಿ ಕತ್ತು, ಕಂಕುಳುಗಳಲ್ಲಿ ಜೋತುಬೀಳುವ ನಿರುಪದ್ರವಿ ಚರ್ಮದ ತುಣುಕುಗಳನ್ನೂ ಆಡುಮಾತಿನಲ್ಲಿ ನರಹುಲಿ ಎಂದೇ ಕರೆಯುವುದು ರೂಢಿ. ಅವು ವೈರಸ್‌ನಿಂದ ಬರುವಂಥವಲ್ಲ, ಅಂಟುವಂಥವೂ ಅಲ್ಲ.

ಕಾರಣ ಮತ್ತು ಹರಡುವಿಕೆ

ಎಚ್‌ಪಿವಿಯಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ನರಹುಲಿಗಳಲ್ಲಿ ಶೇಕಡ 90ರಷ್ಟಕ್ಕೆ 6 ಮತ್ತು 11ನೆಯ ಬಗೆಗಳೇ ಕಾರಣ. ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇಕಡ 70ರಷ್ಟು ಪ್ರಕರಣಗಳಿಗೆ ಕಾರಣವಾಗುವ 16 ಮತ್ತು 18ನೆಯ ಬಗೆಗಳು ಬೇರೆ. ಆದ್ದರಿಂದ ನರಹುಲಿಯೇ ಮುಂದೆ ಕ್ಯಾನ್ಸರ್ ಆಗುತ್ತದೆ ಎಂಬ ಭೀತಿಗೆ ಸಾಮಾನ್ಯವಾಗಿ ಆಧಾರವಿಲ್ಲ. ಆದರೆ ಒಬ್ಬರಿಗೇ ಎರಡೂ ಗುಂಪಿನ ವೈರಸ್‌ಗಳು ತಗಲಿರಬಹುದು. ಹೀಗಾಗಿ ನರಹುಲಿ ಇರಲಿ, ಇಲ್ಲದಿರಲಿ, ಮಹಿಳೆಯರು ವಯಸ್ಸಿಗೆ ತಕ್ಕಂತೆ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳುವುದನ್ನು ಬಿಡಬಾರದು.

ವೈರಸ್ ಹರಡುವುದು ಚರ್ಮಕ್ಕೆ ಚರ್ಮ ತಾಗುವುದರಿಂದ. ಸಂಭೋಗವೇ ನಡೆಯಬೇಕೆಂದಿಲ್ಲ. ಗಂಟು ಕಾಣದಿರುವಾಗಲೂ ಸೋಂಕು ದಾಟಬಲ್ಲದು. ಸೋಂಕು ತಗಲಿದ ಕೆಲವು ವಾರಗಳಿಂದ ಹಲವು ತಿಂಗಳುಗಳೊಳಗೆ, ಕೆಲವೊಮ್ಮೆ ವರ್ಷಗಳ ನಂತರ ಗಂಟುಗಳು ಕಾಣಿಸಿಕೊಳ್ಳುತ್ತವೆ. ಅನೇಕರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಈ ಕಾರಣದಿಂದ ಸೋಂಕು ಯಾವಾಗ, ಯಾರಿಂದ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಗಂಡ ಅಥವಾ ಹೆಂಡತಿಯಲ್ಲಿ ಹೊಸದಾಗಿ ನರಹುಲಿ ಕಂಡಿತೆಂದ ಮಾತ್ರಕ್ಕೆ ಅದನ್ನು ಇತ್ತೀಚಿನ ಪರಸಂಬಂಧಕ್ಕೆ ಸಾಕ್ಷಿಯೆಂದು ತಿಳಿಯುವುದು ತಪ್ಪು.

ಮಕ್ಕಳಲ್ಲಿ ಈ ಗಂಟುಗಳು ಕಂಡಾಗ ಲೈಂಗಿಕ ದೌರ್ಜನ್ಯದ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸಬೇಕಾಗುತ್ತದೆ. ಆದರೆ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಅಥವಾ ಕೈಯ ನರಹುಲಿಗಳಿಂದಲೂ ಸೋಂಕು ಬಂದಿರಬಹುದು.

ಲಕ್ಷಣಗಳು ಮತ್ತು ರೋಗನಿರ್ಣಯ

ಗಂಟುಗಳು ಚರ್ಮದ ಬಣ್ಣದವಾಗಿಯೋ, ನಸುಗೆಂಪು ಅಥವಾ ಕಂದು ಬಣ್ಣದವಾಗಿಯೋ ಇರುತ್ತವೆ. ಒಂಟಿಯಾಗಿ ಚಪ್ಪಟೆಯಾಗಿರಬಹುದು, ಗುಂಪುಗೂಡಿ ಹೂಕೋಸಿನ ಆಕಾರ ತಾಳಬಹುದು. ನೋವು ಅಪರೂಪ, ತುರಿಕೆ, ಉಜ್ಜಿದಾಗ ರಕ್ತಸ್ರಾವ ಆಗುವುದುಂಟು. ಮಧುಮೇಹ, ಎಚ್‌ಐವಿ ಸೋಂಕು, ಗರ್ಭಧಾರಣೆ ಮುಂತಾದ ಸ್ಥಿತಿಗಳಲ್ಲಿ ಅವು ದೊಡ್ಡದಾಗಿ ಬೆಳೆಯಬಹುದು.

ಅನುಭವಿ ವೈದ್ಯರು ಬರಿಗಣ್ಣಿನಿಂದಲೇ ರೋಗವನ್ನು ಗುರುತಿಸುತ್ತಾರೆ. ಎಚ್‌ಪಿವಿ ಪರೀಕ್ಷೆ ಇದಕ್ಕೆ ಬೇಕಿಲ್ಲ. ಗಂಟು ಗಡುಸಾಗಿದ್ದರೆ, ಹುಣ್ಣಾಗಿದ್ದರೆ, ಕಪ್ಪಾಗಿದ್ದರೆ ಅಥವಾ ಚಿಕಿತ್ಸೆಗೆ ಬಗ್ಗದಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ. ಶಿಶ್ನದ ಅಂಚಿನಲ್ಲಿ ಸಾಲಾಗಿರುವ ಮುತ್ತಿನಂಥ ಸಣ್ಣ ಗುಳ್ಳೆಗಳು ದೇಹದ ಸಹಜ ರಚನೆ. ಅವನ್ನು ರೋಗವೆಂದು ಭಾವಿಸಿ ಕಂಗಾಲಾಗುವ ಯುವಕರು ಹಲವರು. ಇದಕ್ಕೆ ವಿರುದ್ಧವಾಗಿ, ಸಿಫಿಲಿಸ್‌ನ ಎರಡನೆಯ ಹಂತದಲ್ಲಿ ಬರುವ ತೇವಭರಿತ ಚಪ್ಪಟೆ ಗಂಟುಗಳನ್ನು ನರಹುಲಿಯೆಂದು ತಿಳಿದರೆ ಗುಣಪಡಿಸಬಹುದಾದ ಗಂಭೀರ ರೋಗವೊಂದು ಕೈತಪ್ಪಿಹೋಗುತ್ತದೆ. ಆದ್ದರಿಂದ ಸಿಫಿಲಿಸ್ ಮತ್ತು ಎಚ್‌ಐವಿಗೆ ರಕ್ತಪರೀಕ್ಷೆ ಮಾಡಿಸುವುದು ಉಚಿತ.

ಚಿಕಿತ್ಸೆ

ವೈರಸ್ಸನ್ನೇ ದೇಹದಿಂದ ನಿರ್ಮೂಲ ಮಾಡುವ ಔಷಧವಿಲ್ಲ. ಚಿಕಿತ್ಸೆಯ ಗುರಿ ಗಂಟುಗಳನ್ನು ತೆಗೆಯುವುದು. ಉಳಿದದ್ದನ್ನು ಬಹುಪಾಲು ಜನರಲ್ಲಿ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಹತೋಟಿಗೆ ತರುತ್ತದೆ. ಕೆಲವರಲ್ಲಿ ಚಿಕಿತ್ಸೆಯಿಲ್ಲದೆಯೂ ಗಂಟುಗಳು ಮಾಯವಾಗುತ್ತವೆ. ತೆಗೆದ ಮೇಲೆ ಮೊದಲ ಕೆಲವು ತಿಂಗಳುಗಳಲ್ಲಿ ಮರುಕಳಿಸುವುದು ಸಾಮಾನ್ಯ. ಅದನ್ನು ಚಿಕಿತ್ಸೆಯ ಸೋಲೆಂದು ಭಾವಿಸಬೇಕಿಲ್ಲ.

ವೈದ್ಯರ ಸಲಹೆಯಂತೆ ರೋಗಿಯೇ ಮನೆಯಲ್ಲಿ ಹಚ್ಚಿಕೊಳ್ಳಬಹುದಾದ ಔಷಧಗಳಲ್ಲಿ ಪೊಡೊಫಿಲೊಟಾಕ್ಸಿನ್ ಮುಖ್ಯವಾದದ್ದು. ಶೇಕಡ 0.5ರ ದ್ರಾವಣವನ್ನು ದಿನಕ್ಕೆರಡು ಬಾರಿ ಮೂರು ದಿನ ಹಚ್ಚಿ, ನಾಲ್ಕು ದಿನ ಬಿಟ್ಟು, ಈ ಕ್ರಮವನ್ನು ಅಗತ್ಯವಿದ್ದರೆ ನಾಲ್ಕು ಸುತ್ತಿನವರೆಗೆ ಮುಂದುವರಿಸುತ್ತಾರೆ. ಇದು ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಇದರ ಮೂಲ ಉತ್ತರ ಅಮೆರಿಕದ ಮತ್ತು ನಮ್ಮ ಹಿಮಾಲಯದ ಪೊಡೊಫಿಲ್ಲಮ್ ಜಾತಿಯ ಗಿಡಗಳ ಬೇರಿನ ರಾಳ. ಹಿಮಾಲಯದ ಗಿಡದಲ್ಲಿ ಈ ಸತ್ತ್ವ ಹೆಚ್ಚು. ಇಮಿಕ್ವಿಮಾಡ್ ಎಂಬ ಶೇಕಡ 5ರ ಮುಲಾಮು ವೈರಸ್ಸನ್ನು ನೇರವಾಗಿ ಕೊಲ್ಲದೆ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ವಾರಕ್ಕೆ ಮೂರು ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಬೇಕು; ಗರಿಷ್ಠ ಅವಧಿ 16 ವಾರ. ಹಸಿರು ಚಹಾದಿಂದ ತಯಾರಿಸಿದ ಮುಲಾಮೂ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಆಸ್ಪತ್ರೆಯಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಶೇಕಡ 80ರಿಂದ 90ರ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹಚ್ಚುವುದು, ವಿದ್ಯುತ್ತಿನಿಂದ ಅಥವಾ ಲೇಸರಿನಿಂದ ಸುಡುವುದು, ಕತ್ತರಿಸಿ ತೆಗೆಯುವುದು ರೂಢಿಯಲ್ಲಿವೆ. ಸುಡುವಾಗ ಏಳುವ ಹೊಗೆಯಲ್ಲಿ ವೈರಸ್‌ನ ಅಂಶಗಳಿರುವುದರಿಂದ ಚಿಕಿತ್ಸಕರು ಮುಖಗವಸು ಧರಿಸಬೇಕು.

ಕೈಕಾಲಿನ ನರಹುಲಿಗೆಂದು ಔಷಧದಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲವನ್ನು ಜನನಾಂಗದ ಮೇಲೆ ಬಳಸಕೂಡದು. ಸುಣ್ಣ ಮತ್ತು ಸೋಡಾ ಹಚ್ಚುವುದು, ಕುದುರೆಯ ಕೂದಲಿನಿಂದ ಬಿಗಿಯುವುದು ಮುಂತಾದ ಮನೆಮದ್ದುಗಳು ಈ ಭಾಗದ ತೆಳುಚರ್ಮಕ್ಕೆ ಸುಟ್ಟಗಾಯ, ಕೀವು ತರುವಂಥವು.

ಗರ್ಭಿಣಿಯರಲ್ಲಿ ಪೊಡೊಫಿಲೊಟಾಕ್ಸಿನ್ ನಿಷಿದ್ಧ, ಇಮಿಕ್ವಿಮಾಡನ್ನೂ ಸಾಮಾನ್ಯವಾಗಿ ತಪ್ಪಿಸುತ್ತಾರೆ. ಹೆಪ್ಪುಗಟ್ಟಿಸುವ ಚಿಕಿತ್ಸೆ ಸಲ್ಲುತ್ತದೆ. ಮಗುವಿನ ಗಂಟಲಿನಲ್ಲಿ ಗಂಟು ಬೆಳೆಯುವ ಸಾಧ್ಯತೆ ಇದ್ದರೂ ಬಹಳ ವಿರಳ. ಗಂಟುಗಳು ಹೆರಿಗೆಯ ದಾರಿಯನ್ನು ಅಡ್ಡಗಟ್ಟದ ಹೊರತು ಇದೊಂದೇ ಕಾರಣಕ್ಕೆ ಸಿಸೇರಿಯನ್ ಮಾಡಬೇಕಾಗಿಲ್ಲ.

ತಡೆಗಟ್ಟುವಿಕೆ

ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದ ಸೋಂಕು ದಾಟಬಹುದು. ಹೆಚ್ಚು ಭರವಸೆಯ ಉಪಾಯ ಲಸಿಕೆ. 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗಾರ್ಡಸಿಲ್ 6, 11, 16 ಮತ್ತು 18ನೆಯ ಬಗೆಗಳನ್ನು ತಡೆಯುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿ, 2022ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಸರ್ವಾವ್ಯಾಕ್ ಕೂಡ ಇದೇ ನಾಲ್ಕು ಬಗೆಗಳ ವಿರುದ್ಧದ್ದು. ಸರ್ವಾರಿಕ್ಸ್ ಎಂಬ ಇನ್ನೊಂದು ಲಸಿಕೆಯಲ್ಲಿ 16 ಮತ್ತು 18 ಮಾತ್ರ ಇರುವುದರಿಂದ ಅದನ್ನು ನರಹುಲಿಯ ತಡೆಗೆ ನೆಚ್ಚುವಂತಿಲ್ಲ. ಲೈಂಗಿಕ ಜೀವನ ಆರಂಭವಾಗುವ ಮುನ್ನ, 9ರಿಂದ 14 ವರ್ಷದೊಳಗೆ ಹಾಕಿಸಿದರೆ ಫಲ ಅತ್ಯಧಿಕ. ಈಗಾಗಲೇ ಎದ್ದಿರುವ ಗಂಟನ್ನು ಲಸಿಕೆ ಗುಣಪಡಿಸದು.

ಲಸಿಕೆಯ ಪರಿಣಾಮ ಸ್ಪಷ್ಟವಾಗಿ ಕಂಡದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿ 2007ರಲ್ಲಿ ಹುಡುಗಿಯರಿಗೆ ಲಸಿಕೆ ಆರಂಭವಾಯಿತು. ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳಿಗೆ ಬಂದ 21 ವರ್ಷದೊಳಗಿನ ಯುವತಿಯರಲ್ಲಿ ನರಹುಲಿಯ ಪ್ರಮಾಣ ಆ ವರ್ಷ ಶೇಕಡ 11.5 ಇದ್ದದ್ದು 2011ಕ್ಕೆ ಶೇಕಡ 0.85ಕ್ಕೆ ಕುಸಿಯಿತು. ಲಸಿಕೆ ಪಡೆಯದಿದ್ದ ಅದೇ ವಯಸ್ಸಿನ ಯುವಕರಲ್ಲೂ ಇಳಿಕೆ ಕಂಡಿತು. ಹುಡುಗರಿಗೆ ಲಸಿಕೆ ಬಂದದ್ದು 2013ರಲ್ಲಿ.

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳಿಗೆ ಆಪ್ತಸಮಾಲೋಚನೆ ಮತ್ತು ಚಿಕಿತ್ಸೆ ದೊರೆಯುತ್ತದೆ.

ಇತಿಹಾಸ

ಪ್ರಾಚೀನ ಗ್ರೀಕ್ ಮತ್ತು ರೋಮನ್ ವೈದ್ಯರಿಗೆ ಈ ಗಂಟುಗಳು ಪರಿಚಿತವಾಗಿದ್ದವು. ನರಹುಲಿಗೆ ಜೀವಕೋಶರಹಿತ ಸೋಸಿದ ದ್ರವದಿಂದ ಹರಡುವ ಗುಣವಿದೆಯೆಂದು ಇಟಲಿಯ ಚುಫೊ 1907ರಲ್ಲಿ ತೋರಿಸಿದನು. ಕೊರಿಯಾ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಪತ್ನಿಯರಲ್ಲಿ ಕೆಲವೇ ವಾರಗಳ ನಂತರ ನರಹುಲಿ ಕಾಣಿಸಿಕೊಂಡದ್ದನ್ನು 1954ರಲ್ಲಿ ವರದಿ ಮಾಡಿದ ಮೇಲೆ ಇದು ಲೈಂಗಿಕವಾಗಿ ಹರಡುವುದೆಂಬುದು ದೃಢವಾಯಿತು. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರ ತಂಡ ಈ ಗಂಟುಗಳಿಂದ 6ನೆಯ ಬಗೆಯನ್ನು ಬೇರ್ಪಡಿಸಿತು. ಅದೇ ಜಾಡಿನಲ್ಲಿ ಮುಂದುವರಿದು ಗರ್ಭಕಂಠದ ಕ್ಯಾನ್ಸರಿನಲ್ಲಿ 16ನೆಯ ಬಗೆಯನ್ನು ಪತ್ತೆಹಚ್ಚಿದ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.