ಹ್ಯಾಂಕ್ಸೈಟ್: ಮರುಭೂಮಿಯ ಅಪರೂಪದ ಲವಣ ಖನಿಜ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಟ್ರೋನಾ ಊರಿನ ಬಳಿಯಿರುವ ಸರ್ಲ್ಸ್ ಎಂಬ ಒಣ ಸರೋವರದ ಉಪ್ಪುಕೆಸರಿನಲ್ಲಿ ಬೆಳೆದ ಹರಳುಗಳಿವು. ಆ ರಾಜ್ಯದ ಮೊದಲ ಸರ್ಕಾರಿ ಖನಿಜತಜ್ಞ ಹೆನ್ರಿ ಹ್ಯಾಂಕ್ಸ್ ಅವರ ಹೆಸರನ್ನು 1880ರ ದಶಕದಲ್ಲಿ ಈ ಖನಿಜಕ್ಕೆ ಇಡಲಾಯಿತು. ಇದರಲ್ಲಿರುವಂತೆ ಕಾರ್ಬೊನೇಟ್ ಮತ್ತು ಸಲ್ಫೇಟ್ ಎರಡೂ ಒಂದೇ ಖನಿಜದಲ್ಲಿ ಸೇರಿರುವುದು ವಿರಳ.

ಗುರುತು: ಆರು ಮೂಲೆಯ ಹರಳು, ಬಣ್ಣವಿಲ್ಲದ್ದು, ತಿಳಿಹಳದಿ ಅಥವಾ ಒಳಗೆ ಕೆಸರು ಸಿಕ್ಕಿಕೊಂಡು ಹಸಿರು ಛಾಯೆಯದು. ನೋಟಕ್ಕೆ ಸ್ಫಟಿಕ ಶಿಲೆಯಂತಿದ್ದರೂ ಕಾಠಿಣ್ಯ ಸುಮಾರು 3 ಮಾತ್ರ, ಗಾಜನ್ನು ಗೀರಲಾರದು. ರುಚಿ ಉಪ್ಪು.

ಸಂಗ್ರಹ: ಸಿಹಿನೀರಿನಲ್ಲಿ ಕರಗುವುದರಿಂದ, ಮೆತ್ತಿದ ಕೆಸರನ್ನು ಸರೋವರದ ಗಾಢ ಉಪ್ಪುನೀರಿನಲ್ಲೇ ತೊಳೆದು, ಒರೆಸಿ, ಒಣಗಿಸುತ್ತಾರೆ.

ತೇವ ತಾಗಿದರೆ ಹರಳು ಮಂಕಾಗುತ್ತದೆ. ದಯವಿಟ್ಟು ಗಾಜಿನ ಪೆಟ್ಟಿಗೆಯನ್ನು ತೆರೆಯಬೇಡಿ.