ಬಂಜರೆಂದು ಬರೆಸಿಕೊಂಡ ದಿನ್ನೆ



ನಾಗಲದಿನ್ನೆಯವರಿಗೆ ದಿನ್ನೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲೂ ಅದು ದಿನ್ನೆ, ತೆಲುಗಿನಲ್ಲೂ ದಿನ್ನೆ. ನೀರು ನಿಲ್ಲದ, ನೇಗಿಲಿಗೆ ಒಗ್ಗದ ಎತ್ತರದ ನೆಲ. ಅಲ್ಲಿ ಹುಲ್ಲು ಬೆಳೆಯುತ್ತದೆ, ಕುರಿ ಮೇಯುತ್ತವೆ, ತಂಗಡಿ, ಎಕ್ಕೆ, ತುಂಬೆ ಹೂ ಬಿಡುತ್ತವೆ. ಈ ಹೂಗಳ ಮತ್ತು ಅವುಗಳ ಬಳಿಗೆ ಬರುವ ದುಂಬಿಗಳ ಚರಿತ್ರೆಯನ್ನು ಇವತ್ತು ಕೇಳೋಣ.

1800ರಲ್ಲಿ ನಿಜಾಮರು ಆದೋನಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆಗಿನಿಂದ 1807ರವರೆಗೆ ಈ ದತ್ತಮಂಡಲಕ್ಕೆ ಥಾಮಸ್ ಮನ್ರೋ ಕಲೆಕ್ಟರ್. ಮಂತ್ರಾಲಯದ ರಾಯರ ಕಥೆಯಲ್ಲಿ ನೀವು ಕೇಳಿರುವ ಮನ್ರೋ ಇವರೇ. ಅವರು ಹೊಲಗಳನ್ನೆಲ್ಲ ಅಳೆಸಿ ಕಂದಾಯ ಕಟ್ಟಿದರು. ಕಂದಾಯದ ಕಣ್ಣಿಗೆ ದಿನ್ನೆ ಯಾವಾಗಲೂ ಬಂಜರು. ಆ ಮಾತು ಇಂದಿಗೂ ನಮ್ಮ ಬಾಯಲ್ಲಿ ಉಳಿದಿದೆ.

ಅದೇ ಕಾಲದಲ್ಲಿ ಗಿಡಗಳನ್ನು ನೋಡುವವರೂ ಇದ್ದರು. ವಿಲಿಯಂ ರಾಕ್ಸ್‌ಬರೋ ನಮ್ಮ ದೇಶದ ಚಿತ್ರಗಾರರಿಂದಲೇ ಗಿಡಗಳ ಚಿತ್ರ ಬರೆಸಿ, ಕೋರಮಂಡಲ ಕರಾವಳಿಯ ಸಸ್ಯಗಳ ಗ್ರಂಥವನ್ನು 1795ರಿಂದ ಅಚ್ಚು ಹಾಕಿಸತೊಡಗಿದರು. ಎಲೆ ಹೇಗಿದೆ, ಕಾಯಿ ಹೇಗಿದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆದರೆ ಹೂವಿನ ಬಳಿಗೆ ಯಾರು ಬರುತ್ತಾರೆ, ಏಕೆ ಬರುತ್ತಾರೆ? ಈ ಪ್ರಶ್ನೆಗೆ ಜರ್ಮನಿಯ ಸ್ಪ್ರೆಂಗೆಲ್ ಎಂಬ ಉಪಾಧ್ಯಾಯರು 1793ರಲ್ಲಿಯೇ ಉತ್ತರ ಬರೆದಿದ್ದರು. ಬಣ್ಣವೂ ಜೇನೂ ಹುಳುಗಳನ್ನು ಕರೆಯಲೆಂದೇ ಇವೆ ಎಂದರು. ಅಂದು ಅವರ ಮಾತಿಗೆ ಬೆಲೆ ಸಿಗಲಿಲ್ಲ.

ನಮ್ಮ ಎಕ್ಕೆಯನ್ನೇ ನೋಡಿ. ತೆಲುಗಿನಲ್ಲಿ ಜಿಲ್ಲೇಡು. ಇದರ ಪರಾಗ ಪುಡಿಯಾಗಿ ಉದುರುವುದಿಲ್ಲ; ಎರಡು ಪುಟ್ಟ ಚೀಲಗಳಾಗಿ, ನಡುವೆ ಒಂದು ಕೊಂಡಿಯಿಂದ ಜೋಡಿಸಿಕೊಂಡಿರುತ್ತದೆ. ದುಂಬಿಯ ಕಾಲು ಹೂವಿನ ಸಂದಿಗೆ ಜಾರಿದಾಗ ಆ ಕೊಂಡಿ ಕಚ್ಚಿಕೊಳ್ಳುತ್ತದೆ. ಸಣ್ಣ ಹುಳುವಾದರೆ ಅಲ್ಲಿಯೇ ಸಿಕ್ಕಿ ಸಾಯುವುದೂ ಉಂಟು. ಮರ ಕೊರೆಯುವ ದೊಡ್ಡ ಕರಿದುಂಬಿ, ನೀವು ತುಮ್ಮೆದ ಎನ್ನುತ್ತೀರಲ್ಲ, ಅದು ಕಾಲನ್ನು ಜಗ್ಗಿ ಚೀಲದ ಸಮೇತ ಹಾರುತ್ತದೆ. ಆ ಚೀಲ ಇನ್ನೊಂದು ಹೂವಿನ ಸಂದಿಯೊಳಗೆ ಹೋಗಿ ಕೂರಬೇಕು. ಇಲ್ಲದಿದ್ದರೆ ಎಕ್ಕೆ ಕಾಯಿ ಕಟ್ಟುವುದಿಲ್ಲ.

ತಂಗಡಿಯದು ಇನ್ನೊಂದು ಬಗೆ. ಅದರಲ್ಲಿ ಜೇನೇ ಇಲ್ಲ, ಇರುವುದು ಪರಾಗ ಮಾತ್ರ. ಅದೂ ತುದಿಯಲ್ಲಿ ಸಣ್ಣ ತೂತಿರುವ ಕೇಸರಗಳೊಳಗೆ. ದುಂಬಿ ಹೂವನ್ನು ತಬ್ಬಿ ಮೈಯನ್ನು ಗುಂಯ್ ಎಂದು ನಡುಗಿಸಿದಾಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಪರಾಗ ಉದುರುತ್ತದೆ. ಬದನೆ, ಟೊಮ್ಯಾಟೊ ಹೂಗಳ ಕೇಸರವೂ ಹೀಗೆಯೇ. ನಾವು ಸಾಕುವ ಜೇನುಹುಳುವಿಗೆ ಈ ನಡುಗಿಸುವ ವಿದ್ಯೆ ಬಾರದು. ದಿನ್ನೆಯ ತಂಗಡಿಗೆ ಬರುವ ದುಂಬಿಯೇ ನಿಮ್ಮ ತೋಟದ ಬದನೆಗೂ ಬರಬೇಕು.

ಆಂಧ್ರ ವಿಶ್ವವಿದ್ಯಾಲಯದ ಸಿ. ಸುಬ್ಬಾರೆಡ್ಡಿ ಮತ್ತು ಎ.ಜೆ. ಸಾಲೊಮನ್ ರಾಜು ನಮ್ಮ ಕಾಲದಲ್ಲಿ ಹೂವಿನ ಬಳಿಯೇ ಕಾದು ಕುಳಿತು ಇಂಥ ವಿಷಯಗಳನ್ನು ಬರೆದವರು. ಕರ್ನೂಲು ಜಿಲ್ಲೆಯ ಗಿಡಗಳ ಪಟ್ಟಿಯನ್ನು ವೆಂಕಟರಾಜು ಮತ್ತು ಪುಲ್ಲಯ್ಯನವರು 1995ರಲ್ಲಿ ಪುಸ್ತಕವಾಗಿ ತಂದರು. ಬಂಜರಿಗೆ ಕಾವಲು ಬಂದದ್ದೂ ಉಂಟು, ಆದರೆ ಹೂವಿನ ಹೆಸರಿನಲ್ಲಲ್ಲ. ಎರೆಭೂತಕ್ಕಾಗಿ, ಎಂದರೆ ತೆಲುಗಿನ ಬಟ್ಟಮೇಕ ಹಕ್ಕಿಗಾಗಿ, 1988ರಲ್ಲಿ ರೋಳ್ಳಪಾಡಿನ ಸುಮಾರು 614 ಹೆಕ್ಟೇರ್ ಹುಲ್ಲುಗಾವಲು ಅಭಯಾರಣ್ಯವಾಯಿತು. ಈಗ ಅಲ್ಲಿ ಆ ಹಕ್ಕಿ ಕಾಣುವುದೇ ಅಪರೂಪ.

ಹತ್ತಿಯ ಸೀಮೆಯವರಾದ ನಿಮಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1970ರಲ್ಲಿ ಸೂರತ್ತಿನಲ್ಲಿ ಸಿ.ಟಿ. ಪಟೇಲರು ಹೈಬ್ರಿಡ್ ಹತ್ತಿ ತಂದರು. 1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರ ವರಲಕ್ಷ್ಮಿ ಬಂತು. ಅದರ ಬೀಜ ಬೇಕಾದರೆ ಸಂಜೆ ಮೊಗ್ಗಿನ ಕೇಸರ ಕಿತ್ತು, ಮಾರನೆಯ ಬೆಳಗ್ಗೆ ಬೇರೆ ತಳಿಯ ಹೂವನ್ನು ಅದಕ್ಕೆ ಒರೆಸಬೇಕು. ಈ ಕ್ರಾಸಿಂಗ್ ಕೆಲಸಕ್ಕೆ ಕರ್ನೂಲು ಜಿಲ್ಲೆಯ ಹೊಲಗಳಲ್ಲಿ ಎಷ್ಟೋ ಹುಡುಗಿಯರು ಶಾಲೆ ಬಿಟ್ಟು ನಿಂತರು. ದುಂಬಿ ಕೂಲಿ ಕೇಳದೆ ಮಾಡುವ ಕೆಲಸಕ್ಕೆ ಕೈ ಬೇಕೆಂದರೆ ಯಾರ ಕೈ ಹೋಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕರಿದುಂಬಿ ಗೂಡು ಮಾಡುವುದು ಒಣಗಿದ ಮರದಲ್ಲಿ, ಬಿದಿರಿನಲ್ಲಿ, ಕೆಲವೊಮ್ಮೆ ನಿಮ್ಮ ಮನೆಯ ತೊಲೆಯಲ್ಲಿ. ಹಲವು ಸಣ್ಣ ದುಂಬಿಗಳು ಉಳದ ನೆಲದೊಳಗೆ ಬಿಲ ತೋಡುತ್ತವೆ. ತೊಲೆಯ ತೂತಿಗೆ ಸೀಮೆಎಣ್ಣೆ ಸುರಿಯುವ ಮೊದಲು, ದಿನ್ನೆಗೆ ಟ್ರ್ಯಾಕ್ಟರ್ ಹತ್ತಿಸುವ ಮೊದಲು, ಒಂದು ಬೆಳಗ್ಗೆ ಹಿತ್ತಲ ಬದನೆಗಿಡದ ಹತ್ತಿರ ಸುಮ್ಮನೆ ಕುಳಿತು ಕಿವಿಗೊಡಿ.